ಮಣ್ಣೆತ್ತು ಮಾಡುವ ಕೈಗಳು
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕಾರಹುಣ್ಣಿಮೆಯ ದಿನ ನೀವು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯಲು ಓಡಿಸುತ್ತೀರಿ. ಅಗಸಿಯ ಬಳಿ ನಿಂತು ನೋಡುವವರಲ್ಲಿ ಕುಂಬಾರನೂ ಒಬ್ಬ. ಹಿಣಿಲು ಎಷ್ಟು ಎತ್ತರ, ಕೋಡು ಹೇಗೆ ಬಾಗಿದೆ, ಗಂಗೆದೊಗಲು ಹೇಗೆ ಜೋತಿದೆ ಎಂಬುದನ್ನು ಅವನ ಕಣ್ಣು ಹಿಡಿದಿಡುತ್ತದೆ. ಹದಿನೈದು ದಿನ ಕಳೆದು ಮಣ್ಣೆತ್ತಿನ ಅಮವಾಸ್ಯೆ ಬಂದಾಗ ಅದೇ ಎತ್ತು ಅಂಗೈಯಷ್ಟಾಗಿ, ಗೋದಲಿಯ ಸಮೇತ ನಿಮ್ಮ ದೇವರ ಜಗುಲಿಗೆ ಬರುತ್ತದೆ.

ಶಿಲ್ಪಿ ಎಂದರೆ ಕಲ್ಲು ಕಡೆಯುವವನೆಂದೇ ನಾವು ತಿಳಿದಿದ್ದೇವೆ. ಕುಂಬಾರನೂ ಶಿಲ್ಪಿಯೇ. ಅವನ ಶಾಲೆ ನಿಮ್ಮ ಕೊಟ್ಟಿಗೆ.

ಮಣ್ಣೆತ್ತಿನ ನಂತರ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಅವನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಬಿತ್ತಿಗೆಯಿಂದ ಹಿಡಿದು ಬೆಳೆ ಏಳುವ ತನಕ ನಾವು ಪೂಜಿಸುವ ಈ ಐವರೂ ಹೊಲದ ತಾಯಿಯಾದ ಮಣ್ಣಿನಿಂದಲೇ ಹುಟ್ಟಿದವರು.

ಈ ಕೆಲಸ ಹಗುರವೆಂದು ಭಾವಿಸಬೇಡಿರಿ. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಹೊಲದಲ್ಲಿ ಆಗುವುದೇ ಮೂರ್ತಿಯಲ್ಲಿಯೂ ಆಗುತ್ತದೆ. ಆದುದರಿಂದ ಅವನು ಬೇಸಿಗೆಯಲ್ಲಿ ಕೆರೆಯ ನುಣುಪಾದ ಮಣ್ಣು ತಂದು, ಹರಳು ಆರಿಸಿ, ಕುಟ್ಟಿ, ಸಾಣಿಸಿ, ನೆನೆಹಾಕಿ, ಬೂದಿಯನ್ನೋ ಸಣ್ಣ ಮರಳನ್ನೋ ಬೆರೆಸಿ ತುಳಿಯುತ್ತಾನೆ. ಮಾಡಿದ ಮೂರ್ತಿಯನ್ನು ನೆರಳಿನಲ್ಲಿ ನಿಧಾನವಾಗಿ ಆರಿಸುತ್ತಾನೆ. ಮನೆಯ ಹೆಣ್ಣುಮಕ್ಕಳೂ ಜೊತೆಗೆ ದುಡಿಯುತ್ತಾರೆ. ಮೋಡ ಮುಸುಕಿದ ದಿನಗಳಲ್ಲಿ ಮೂರ್ತಿ ಆರದೆ ಅವರಿಗೆ ಚಿಂತೆ. ಅದೇ ಮೋಡಕ್ಕಾಗಿ ನೀವು ಕಾಯುತ್ತಿರುತ್ತೀರಿ.

ಈ ಕಾಯಕದ ಹಿರಿಯ ಭಾಲ್ಕಿಯ ಕುಂಬಾರ ಗುಂಡಯ್ಯ. ಅವನು ಗಡಿಗೆ ಬಡಿಯುವ ನಾದಕ್ಕೆ ಶಿವನೇ ಕುಣಿದನೆಂದು ಹರಿಹರ ಕವಿ ರಗಳೆಯಲ್ಲಿ ಬಣ್ಣಿಸಿದ್ದಾನೆ. ಕೈಕೆಲಸವೇ ಪೂಜೆಯೆಂಬ ಮಾತನ್ನು ಬಸವಣ್ಣನವರು ಹುಟ್ಟಿದ ಈ ಜಿಲ್ಲೆಗೆ ಬೇರೆ ಹೇಳಬೇಕಾಗಿಲ್ಲ.

ಹೀಗಿದ್ದರೂ ಆ ಕೈಗಳಿಗೆ ಇಂದು ಎರಡು ಕಷ್ಟಗಳು ಒದಗಿವೆ. ಮೊದಲನೆಯದು ಮಣ್ಣಿನದು. ಬಬಲೇಶ್ವರ ತಾಲೂಕಿನ ಮಮದಾಪುರದ ಕೆರೆ ೧೬೩೩ರಲ್ಲಿ, ವಿಜಯಪುರದ ಬೇಗಂ ತಲಾಬ್ ೧೬೫೧ರಲ್ಲಿ ಮಹಮ್ಮದ್ ಆದಿಲಶಹನ ಕಾಲದಲ್ಲಿ ಆದವು. ಇಂಥ ಕೆರೆಗಳ ಹೂಳು ಹೊಲಕ್ಕೆ ಗೊಬ್ಬರ, ಕುಂಬಾರನಿಗೆ ಬಂಡವಾಳ. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಜಿಲ್ಲೆಯ ಅನೇಕ ಕೆರೆಗಳಿಗೆ ಕೃಷ್ಣೆಯ ನೀರು ಬಂದಿದೆ. ಅದು ನಮ್ಮೆಲ್ಲರ ಭಾಗ್ಯ. ಆದರೆ ಬೇಸಿಗೆಯಲ್ಲೂ ನೀರು ನಿಂತ ಕೆರೆಯಿಂದ ಮಣ್ಣು ತೆಗೆಯಲಾಗದು. ಎರಡನೆಯದು ಪೇಟೆಯ ಪ್ಲಾಸ್ಟರ್ ಮೂರ್ತಿ. ಅದು ಅಚ್ಚಿನಲ್ಲಿ ಬೇಗ ಆಗುತ್ತದೆ, ನೀರಿನಲ್ಲಿ ಬೇಗ ಕರಗುವುದಿಲ್ಲ. ಅದನ್ನು ಬಳಸಬಾರದೆಂದು ೨೦೨೦ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿ ಹೊರಡಿಸಿತು. ಕಾಗದದ ಮಾತು ಊರಲ್ಲಿ ನಡೆಯಬೇಕಾದರೆ ನೀವು ಮನಸ್ಸು ಮಾಡಬೇಕು.

ಆದುದರಿಂದ ಮೂರು ಮಾತು ನೆನಪಿಡಿರಿ. ಊರ ಕೆರೆಯ ಹೂಳೆತ್ತುವಾಗ ನಾಲ್ಕು ಬಂಡಿ ನುಣುಪು ಮಣ್ಣನ್ನು ಕುಂಬಾರರಿಗೆಂದು ಪಂಚಾಯತಿಗೆ ಹೇಳಿ ಎತ್ತಿಡಿಸಿರಿ. ಹಿಂದೆ ಕಣದಲ್ಲಿ ಆಯ ಕೊಡುತ್ತಿದ್ದಿರಿ. ಈಗ ಹಬ್ಬಕ್ಕೆ ತಿಂಗಳು ಮೊದಲೇ ಮೂರ್ತಿ ಹೇಳಿ, ಮುಂಗಡ ಕೊಡಿರಿ. ಪೂಜೆಯಾದ ಮೇಲೆ ಮೂರ್ತಿಯನ್ನು ಮನೆಯ ಬಕೀಟಿನಲ್ಲಿ ಕರಗಿಸಿ, ಆ ಮಣ್ಣನ್ನು ಹಿತ್ತಲ ಗಿಡಕ್ಕೆ ಹಾಕಿರಿ.

ಟ್ರ್ಯಾಕ್ಟರ್ ಬಂದ ಮೇಲೆ ತಿಕೋಟಾ ಕಡೆಯ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಬರಿದಾಗಿದೆ. ಅಲ್ಲಿನ ಮಗು ಎತ್ತಿನ ಹಿಣಿಲನ್ನು ಮೊದಲು ಮುಟ್ಟುವುದು ಮಣ್ಣೆತ್ತಿನಲ್ಲಿಯೇ ಆಗಬಹುದು. ಆ ಎತ್ತು ನಮ್ಮೂರ ಕೈಯಿಂದಲೇ ಬರಲಿ.