ಮಲ್ಪೆಯ ಕಲ್ಲುಕಂಬಗಳನ್ನು ನಿಲ್ಲಿಸಿದವರು ಯಾರು?



ಮಲ್ಪೆ ಬಂದರಿನಿಂದ ದೋಣಿ ಹತ್ತಿ ಪಡುವಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ತೆಂಗಿನ ಮರಗಳಿರುವ ಒಂದು ಪುಟ್ಟ ದ್ವೀಪ ಎದುರಾಗುತ್ತದೆ. ಆದರೆ ದೋಣಿಯಿಂದ ಇಳಿದವರ ಕಣ್ಣು ಹೋಗುವುದು ತೆಂಗಿನ ಕಡೆಗಲ್ಲ, ಕಲ್ಲಿನ ಕಡೆಗೆ. ಯಾರೋ ಶಿಲ್ಪಿಗಳು ಉಳಿ ಹಿಡಿದು ಕಡೆದು, ಸಾಲಾಗಿ ನಿಲ್ಲಿಸಿ, ದೇಗುಲದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋದರೇನೋ ಎನ್ನುವ ಹಾಗೆ ಐದು, ಆರು, ಏಳು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವು ಸುಮಾರು 6 ಮೀಟರ್ ಎತ್ತರದವು. ಇವನ್ನು ಕಟ್ಟಿದವರು ಯಾರು ಎಂದು ಕೇಳದೆ ಹಿಂತಿರುಗುವವರು ಕಡಿಮೆ.

ಇಂಥದೇ ಕಂಬಗಳು ಉತ್ತರ ಐರ್ಲೆಂಡಿನ ಕಡಲಂಚಿನಲ್ಲೂ ಇವೆ. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ನಡೆದು ಹೋಗಲು ಹಾಸಿದ ಹಾದಿ ಅದು ಎಂದು ಅಲ್ಲಿನ ಜನ ಕಥೆ ಹೇಳುತ್ತಾರೆ. ಮಲ್ಪೆಯ ದ್ವೀಪಕ್ಕೆ ಅಂಟಿಕೊಂಡಿರುವುದು ದೈತ್ಯನ ಕಥೆಯಲ್ಲ, ವಾಸ್ಕೋ ಡ ಗಾಮನ ಕಥೆ. ಅವನು ಭಾರತದಲ್ಲಿ ಮೊದಲು ಕಾಲಿಟ್ಟಿದ್ದು ಇಲ್ಲಿಯೇ, ಆಮೇಲೆ ಕಲ್ಲಿಕೋಟೆಗೆ ಹೋದ ಎಂಬ ಮಾತನ್ನು ಪ್ರವಾಸಿಗರು ಇಂದಿಗೂ ಕೇಳುತ್ತಾರೆ.

ದಾಖಲೆ ಹೇಳುವುದು ಬೇರೆ. ಗಾಮ ಕಲ್ಲಿಕೋಟೆಯ ತೀರ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿನ ಸಾಮೂದಿರಿಯೊಂದಿಗೆ ವಿರಸ ಬೆಳೆದು ಆಗಸ್ಟ್ ಕೊನೆಯಲ್ಲಿ ಅಲ್ಲಿಂದ ಹೊರಟ. ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯ ಪ್ರಕಾರ, ಉತ್ತರಕ್ಕೆ ಸಾಗುತ್ತ ಸೆಪ್ಟೆಂಬರ್ ಮಧ್ಯದಲ್ಲಿ ತೀರದಾಚೆಯ ಸಣ್ಣ ದ್ವೀಪಗಳ ಬಳಿ ನಿಂತು, ಪೋರ್ಚುಗಲ್ ದೊರೆ ಕೊಟ್ಟು ಕಳುಹಿಸಿದ್ದ ಕಲ್ಲುಕಂಬಗಳಲ್ಲಿ ಒಂದನ್ನು ಅಲ್ಲಿ ನೆಡಿಸಿದ. ಅದಕ್ಕಿಟ್ಟ ಹೆಸರು ಸಾಂತಾ ಮರಿಯ. ಆ ದ್ವೀಪಗಳು ಮಲ್ಪೆಯ ಎದುರಿನವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಗಾಮ ಇಲ್ಲಿಗೆ ಬಂದದ್ದು ಹೋಗುವಾಗ ಅಲ್ಲ, ಮರಳುವ ದಾರಿಯಲ್ಲಿ. ಅವನು ನೆಡಿಸಿದ ಕಂಬ ಇಂದು ಅಲ್ಲಿಲ್ಲ, ಹೆಸರು ಮಾತ್ರ ಸೇಂಟ್ ಮೇರೀಸ್ ಎಂದು ಉಳಿದುಕೊಂಡಿತು. ಸ್ಥಳೀಯರ ಬಾಯಲ್ಲಿದ್ದ ತೋನ್ಸೆಪಾರ್ ಎಂಬ ಹೆಸರು ಹೊರಗಿನವರ ಕಿವಿಗೆ ಬೀಳುವುದೇ ಅಪರೂಪವಾಗಿದೆ.

ಹಾಗಾದರೆ ಉಳಿದ ಸಾವಿರಾರು ಕಂಬಗಳು? ಅವು ಲಾವಾರಸದ ಕೆಲಸ. ನೆಲದೊಳಗಿಂದ ಉಕ್ಕಿ ಬಂದ ಕಾದ ಲಾವಾ ದಪ್ಪನಾಗಿ ಹರಡಿ, ಮೆಲ್ಲಮೆಲ್ಲನೆ ಆರಿತು. ಆರುವಾಗ ಅದು ಕುಗ್ಗಬೇಕು. ಬೇಸಿಗೆಯಲ್ಲಿ ಕೆರೆಯ ತಳ ಒಣಗಿದಾಗ ಕೆಸರು ಬಿರಿಯುವುದನ್ನು ನೀವು ನೋಡಿದ್ದೀರಿ, ಇದೂ ಹಾಗೆಯೇ. ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗಿದಾಗ ಬಿರುಕುಗಳು ಮೂರು ಮೂರಾಗಿ ಸಂಧಿಸಿ ಜೇನುಹುಟ್ಟಿನ ಕೋಣೆಗಳಂತೆ ಆರು ಮುಖದ ಆಕಾರ ಮೂಡುತ್ತದೆ. ಕೆರೆಯಲ್ಲಿ ಬಿರುಕು ಗೇಣುದ್ದಕ್ಕೆ ನಿಂತುಬಿಡುತ್ತದೆ. ಇಲ್ಲಿ ಲಾವಾ ಆರುತ್ತ ಹೋದಂತೆಲ್ಲ ಬಿರುಕು ಆಳಕ್ಕೆ ಇಳಿಯುತ್ತ ಹೋಯಿತು, ಕಂಬಗಳಾದವು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿ ಹೇಳಬೇಕು. ಇವು ದಖನ್ ಪ್ರಸ್ಥಭೂಮಿಯ ಕರಿಯ ಬಸಾಲ್ಟ್‌ನ ಚೂರುಗಳೆಂದು ಬರೆದವರಿದ್ದಾರೆ. ಈ ಶಿಲೆಯಲ್ಲಿ ಸಿಲಿಕಾ ಹೆಚ್ಚು, ವಯಸ್ಸೂ ಹೆಚ್ಚು. ದಖನ್ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದಾದರೆ, ಇದು ಸುಮಾರು 8.5ರಿಂದ 9 ಕೋಟಿ ವರ್ಷ ಹಿಂದಿನದು. ಆಗ ಮಡಗಾಸ್ಕರ್ ಭಾರತದ ಪಡುವಣ ಅಂಚಿಗೆ ಅಂಟಿಕೊಂಡಿತ್ತು. ಎರಡು ಭೂಭಾಗಗಳು ಸೀಳಿ ದೂರ ಸರಿದ ಕಾಲದ ಲಾವಾ ಇದು. ಮಡಗಾಸ್ಕರಿನಲ್ಲೂ ಅದೇ ಕಾಲದ ಲಾವಾ ಶಿಲೆಗಳು ಸಿಗುತ್ತವೆ.

ಕರಾವಳಿಯ ಜನ ತಮ್ಮ ನೆಲದ ಹುಟ್ಟನ್ನು ಪರಶುರಾಮನ ಕಥೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಅವನು ಕೊಡಲಿ ಎಸೆದ, ಸಮುದ್ರ ಹಿಂದೆ ಸರಿಯಿತು, ನೆಲ ಮೇಲೆದ್ದಿತು. ಭೂವಿಜ್ಞಾನದ ಕಥೆಯಲ್ಲಿ ನಡೆದದ್ದು ಹೆಚ್ಚುಕಡಿಮೆ ಅದಕ್ಕೆ ತಿರುಗುಮುರುಗು: ನೆಲ ಸೀಳಿತು, ನಡುವೆ ಸಮುದ್ರ ಬಂದು ತುಂಬಿತು. ಎರಡನ್ನೂ ಹೊಂದಿಸಲು ಹೊರಟು ಪುರಾಣದಲ್ಲಿ ವಿಜ್ಞಾನ ಹುಡುಕುವ ಚಟ ನಮ್ಮಲ್ಲಿ ಹಲವರಿಗಿದೆ. ಅದರ ಅಗತ್ಯವಿಲ್ಲ. ಕಥೆ ಕಥೆಯಾಗಿಯೇ ಚೆನ್ನ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಈ ದ್ವೀಪವನ್ನು 1970ರ ದಶಕದಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಸಾಲಿಗೆ ಸೇರಿಸಿತು. 2025ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಪಟ್ಟಿಗೆ ಸೇರಿದರೆ ಜನ ಹೆಚ್ಚುತ್ತಾರೆ. ಮಳೆಗಾಲದಲ್ಲಿ ದೋಣಿ ನಿಂತಾಗ ಮಾತ್ರ ದ್ವೀಪಕ್ಕೆ ಬಿಡುವು. ಪುಟ್ಟ ಜಾಗ, ಹತ್ತಿ ಇಳಿಯುವ ಕಾಲುಗಳು ಸಾವಿರಾರು. ಅಲೆ ಬಡಿದು ಬಿರುಕು ಸಡಿಲವಾದ ಕಂಬ ಒಂದು ದಿನ ಉರುಳುತ್ತದೆ, ಅದನ್ನು ತಡೆಯಲಾಗದು. ಮನುಷ್ಯರು ಮುರಿಯುವುದನ್ನು ತಡೆಯಬಹುದು. ಹಳೆಯ ಗುಡಿಯ ಮುರಿದ ಕಂಬಕ್ಕೆ ಬದಲಿ ಕಂಬ ಕಡೆಯುವ ಶಿಲ್ಪಿಗಳು ಕಾರ್ಕಳದಲ್ಲಿದ್ದಾರೆ. ಈ ಕಂಬಗಳಿಗೆ ಅಂಥವರು ಯಾರೂ ಇಲ್ಲ.