ಸಾನೆ ಗುರೂಜಿ: ನೆರೆಮನೆಯ ಕಥೆಗಾರರು

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾವು ಬಹುಮಟ್ಟಿಗೆ ಕನ್ನಡದ ಗ್ರಂಥಕರ್ತರನ್ನು ಕುರಿತೇ ಮಾತನಾಡುತ್ತ ಬಂದಿದ್ದೇವೆ. ಅದು ಸಹಜವೇ ಸರಿ. ಊರು ಬಿಟ್ಟು ಬಂದವರಿಗೆ ವಾರಕ್ಕೊಮ್ಮೆಯಾದರೂ ತಾಯ್ನುಡಿ ಕಿವಿಗೆ ಬೀಳಬೇಕೆಂದೇ ಅಲ್ಲವೇ ನಾವು ಈ ವಾಚನಾಲಯವನ್ನು ಇಟ್ಟುಕೊಂಡಿರುವುದು? ಆದರೂ ಈ ಮಹಾರಾಷ್ಟ್ರದ ಅನ್ನನೀರಿನ ಮೇಲೆ ಬದುಕುತ್ತಿರುವ ನಾವು ಇಲ್ಲಿನ ಒಬ್ಬ ಲೇಖಕರ ವಿಷಯವನ್ನು ಕನ್ನಡದಲ್ಲಿ ಆಡಿಕೊಂಡರೆ ತಪ್ಪಿಲ್ಲವೆಂದು ನಮಗೆ ತೋರಿತು. ಅದಕ್ಕೆ ಇನ್ನೂ ಒಂದು ಕಾರಣವುಂಟು. ಶಾಲೆಯಲ್ಲಿ ಮರಾಠಿ ಕಲಿಯುವ ನಮ್ಮ ಮಕ್ಕಳು ಈ ಲೇಖಕರನ್ನು ಚೆನ್ನಾಗಿ ಬಲ್ಲರು. ತಂದೆತಾಯಿಗಳಾದ ನಮ್ಮಲ್ಲಿ ಅನೇಕರು ಅವರ ಹೆಸರು ಕೇಳಿ ಸುಮ್ಮನಾದವರು. ಆ ಲೇಖಕರು ಪಾಂಡುರಂಗ ಸದಾಶಿವ ಸಾನೆ. ಲೋಕವೆಲ್ಲ ಕರೆಯುವುದು ಸಾನೆ ಗುರೂಜಿಯೆಂದು.

ಅವರು ಹುಟ್ಟಿದ್ದು 1899ನೆಯ ಡಿಸೆಂಬರ್ 24ರಂದು, ಕೊಂಕಣದ ದಾಪೋಳಿಯ ಬಳಿಯ ಪಾಲಗಡ ಎಂಬ ಹಳ್ಳಿಯಲ್ಲಿ. ಮನೆತನ ಖೋತರದು, ಎಂದರೆ ಸರಕಾರದ ಪರವಾಗಿ ಹಳ್ಳಿಯ ಕಂದಾಯ ಎತ್ತುವವರದು. ಅಜ್ಜನ ಕಾಲಕ್ಕೆ ಮನೆ ತುಂಬಿತ್ತು. ತಂದೆ ಸದಾಶಿವರಾಯರ ಕಾಲಕ್ಕೆ ವ್ಯಾಜ್ಯ, ಸಾಲ, ಜಪ್ತಿಗಳಲ್ಲಿ ಎಲ್ಲವೂ ಕರಗಿತು. ಹುಡುಗ ದಾಪೋಳಿಯಲ್ಲಿ ಓದಿ, ಬಡ ವಿದ್ಯಾರ್ಥಿಗಳಿಗೆ ಅನುಕೂಲವಿದೆಯೆಂದು ಔಂಧ್ ಸಂಸ್ಥಾನಕ್ಕೆ ಹೋಗಿ, ಅಲ್ಲಿಂದ ಪುಣೆಗೆ ಬಂದ. 1917ರಲ್ಲಿ ತಾಯಿ ಯಶೋದಾಬಾಯಿ ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ಈ ಮಗ ಹತ್ತಿರವಿರಲಿಲ್ಲ. ಮುಂದೆ ಅವರು ಬರೆದ ಸಾವಿರಾರು ಪುಟಗಳ ಹಿಂದೆ ಈ ಒಂದು ಕೊರಗು ಇದ್ದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಎಂ. ಎ. ಮುಗಿಸಿದ ಮೇಲೆ ಖಾನದೇಶದ ಅಮಳನೇರಕ್ಕೆ ಹೋದರು. ಅಲ್ಲಿನ ತತ್ತ್ವಜ್ಞಾನ ಮಂದಿರದಲ್ಲಿ ಕೆಲಕಾಲ ಇದ್ದು, 1924ರಲ್ಲಿ ಪ್ರತಾಪ ಹೈಸ್ಕೂಲಿನ ಉಪಾಧ್ಯಾಯರಾದರು. ಅದರೊಡನೆ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ಹೆಗಲೇರಿತು. ಗುರೂಜಿ ಎಂಬ ಹೆಸರು ಗಟ್ಟಿಯಾದದ್ದು ಇಲ್ಲಿಯೇ. ಹುಡುಗರು ಶಾಲೆಗೆ ಹೋದಾಗ ಅವರ ಕೋಣೆ ಗುಡಿಸಿ, ಹಾಸಿಗೆ ಸುತ್ತಿಟ್ಟು, ದೀಪದ ಗಾಜು ಒರೆಸಿ ಇಡುತ್ತಿದ್ದರಂತೆ. ಬೈದು ಕಲಿಸಬೇಕಾದುದನ್ನು ಹೀಗೆ ಮಾಡಿ ನಾಚಿಸುತ್ತಿದ್ದರು. ಹುಡುಗರಿಗಾಗಿ ತಮ್ಮ ಕೈಯಿಂದಲೇ ಬರೆದು ಒಂದು ದಿನಪತ್ರಿಕೆಯನ್ನೇ ಹೊರಡಿಸಿದರು. ತರುವಾಯ ‘ವಿದ್ಯಾರ್ಥಿ’ ಎಂಬ ಮಾಸಪತ್ರಿಕೆ ಬಂದಿತು. ಬರಹಗಾರರಾಗಬೇಕೆಂದು ಅವರು ಬರೆಯತೊಡಗಿದವರಲ್ಲ. ಎದುರಿಗೆ ಕುಳಿತ ಮಕ್ಕಳಿಗೆ ಓದಲು ಏನಾದರೂ ಬೇಕಾಗಿತ್ತು, ಬರೆದರು. ನಮ್ಮ ಕಾರಂತರು ಕಾದಂಬರಿ ಬರೆದ ಲೇಖನಿಯಲ್ಲೇ ‘ಬಾಲಪ್ರಪಂಚ’ವನ್ನೂ ಬರೆದರಷ್ಟೆ. ಕಾರಂತರು ಮಕ್ಕಳಿಗೆ ಲೋಕಜ್ಞಾನ ಕೊಡಹೊರಟರು. ಗುರೂಜಿ ಮಕ್ಕಳ ಕಣ್ಣಲ್ಲಿ ನೀರು ತರಹೊರಟರು. ಎರಡೂ ಬೇಕು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂದಿತು. ಗುರೂಜಿ ಶಾಲೆ ಬಿಟ್ಟರು, ಮತ್ತೆ ಹಿಂತಿರುಗಲಿಲ್ಲ. ಅಲ್ಲಿಂದ ಮುಂದೆ ಅವರ ಬರವಣಿಗೆಯ ಕೋಣೆಯೆಂದರೆ ಬಹುಮಟ್ಟಿಗೆ ಸೆರೆಮನೆ. ಧುಳೆಯಿಂದ ಅವರನ್ನು ತಿರುಚಿನಾಪಳ್ಳಿಯ ಜೈಲಿಗೆ ಸಾಗಿಸಿದರು. ಸುತ್ತಲೂ ದಕ್ಷಿಣದ ಬೇರೆ ಬೇರೆ ಭಾಷೆಗಳ ಸತ್ಯಾಗ್ರಹಿಗಳು. ಒಂದೇ ದೇಶಕ್ಕಾಗಿ ಜೈಲಿಗೆ ಬಂದವರು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕುಳಿತಿದ್ದರು. ಗುರೂಜಿ ಅಲ್ಲಿ ತಮಿಳು ಕಲಿತರು, ಬಂಗಾಳಿ ಕಲಿತರು; ತಿರುಕ್ಕುರಳನ್ನು ಮರಾಠಿಗೆ ತಂದರು. ಈ ಸಂಗತಿಯನ್ನು ನಮ್ಮ ಕೇಳುಗರು ನೆನಪಿನಲ್ಲಿಡಬೇಕು; ಇದಕ್ಕೆ ಮುಂದೆ ಬರುತ್ತೇವೆ.

1932ರಲ್ಲಿ ಮತ್ತೆ ಧುಳೆ ಜೈಲು. ಆಗ ವಿನೋಬಾಜಿಯವರೂ ಅಲ್ಲಿಯೇ ಇದ್ದರು. ಭಾನುವಾರ ಭಾನುವಾರ ಗೀತೆಯ ಒಂದೊಂದು ಅಧ್ಯಾಯದ ಮೇಲೆ ಅವರು ಪ್ರವಚನ ಮಾಡಿದಾಗ ಅದನ್ನು ಬರೆದುಕೊಂಡವರು ಸಾನೆ ಗುರೂಜಿ. ‘ಗೀತಾಪ್ರವಚನ’ವನ್ನು ಕನ್ನಡದಲ್ಲಿ ಓದಿರುವ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಆ ಪುಸ್ತಕ ಉಳಿದದ್ದು ಈ ವೇಗದ ಕೈಯಿಂದ.

ಮರುವರ್ಷ, 1933ರ ಫೆಬ್ರವರಿಯಲ್ಲಿ, ನಾಸಿಕದ ಸೆರೆಮನೆಯಲ್ಲಿ ‘ಶ್ಯಾಮಚೀ ಆಯೀ’ಯ ಬಹುಭಾಗ ನಾಲ್ಕೈದು ದಿನಗಳಲ್ಲಿ ಕಾಗದಕ್ಕಿಳಿಯಿತು. ಶ್ಯಾಮನ ತಾಯಿ ಎಂದು ಅರ್ಥ. ಅಚ್ಚಾದದ್ದು 1935ರಲ್ಲಿ. ಆಶ್ರಮವೊಂದರಲ್ಲಿ ಶ್ಯಾಮ ಎಂಬುವನು ಗೆಳೆಯರಿಗೆ ರಾತ್ರಿಗೊಂದರಂತೆ ತನ್ನ ತಾಯಿಯ ಕಥೆ ಹೇಳುತ್ತಾನೆ. ಅಧ್ಯಾಯಗಳಿಗೆ ಅಧ್ಯಾಯವೆಂಬ ಹೆಸರಿಲ್ಲ, ರಾತ್ರಿಯೆಂದು ಹೆಸರು. ಒಟ್ಟು 42 ರಾತ್ರಿಗಳು. ಕಾದಂಬರಿಯೆನ್ನಿ, ಆತ್ಮಕಥೆಯೆನ್ನಿ, ಮಕ್ಕಳ ಪುಸ್ತಕವೆನ್ನಿ, ಯಾವುದಕ್ಕೂ ಪೂರ್ತಿ ಒಗ್ಗುವುದಿಲ್ಲ.

ಇದರಲ್ಲಿರುವುದು ದೊಡ್ಡ ಸಂಗತಿಗಳೇನಲ್ಲ. ಒಂದು ರಾತ್ರಿ ಉಪ್ಪಿಲ್ಲದ ಪಲ್ಯದ ಕಥೆ: ತಾಯಿ ಉಪ್ಪು ಹಾಕಲು ಮರೆತಿದ್ದಾಳೆ, ತಂದೆ ಮಾತೆತ್ತದೆ ಉಂಡು ಏಳುತ್ತಾನೆ, ಮಕ್ಕಳೂ ಹಾಗೆಯೇ; ಕೊನೆಗೆ ತಾನು ಊಟಕ್ಕೆ ಕುಳಿತಾಗ ತಾಯಿಗೆ ತಿಳಿದು ನೊಂದುಕೊಳ್ಳುತ್ತಾಳೆ. ಇನ್ನೊಂದು ರಾತ್ರಿ, ಮಿಂದ ಕಾಲು ಮಣ್ಣಾಗುತ್ತದೆಂದು ಹಟ ಹಿಡಿದ ಹುಡುಗನಿಗೆ ತಾಯಿ ತನ್ನ ಸೆರಗನ್ನೇ ಹಾಸಿ, ಕಾಲಿಗೆ ಕೊಳೆ ತಾಗಬಾರದೆಂದು ಇಷ್ಟು ಜೋಪಾನ ಮಾಡುವವನು ಮನಸ್ಸನ್ನೂ ಹಾಗೆಯೇ ನೋಡಿಕೋ ಎಂದು ಹೇಳುತ್ತಾಳೆ. ಬಾವಿಯಲ್ಲಿ ಈಜಲು ಹೆದರಿ ಅಡಗಿದ ಮಗನನ್ನು ಅದೇ ತಾಯಿ ಕೋಲಿನಿಂದ ಬಾರಿಸಿ ಕಳಿಸುತ್ತಾಳೆ. ತಾಯಿಯೆಂದರೆ ಬರೀ ಮಮತೆಯ ಮೂರ್ತಿಯೆಂದು ಭಾವಿಸಿ ಈ ಪುಸ್ತಕ ತೆರೆದವರಿಗೆ ಆ ಕೋಲು ಸ್ವಲ್ಪ ಆಶ್ಚರ್ಯವನ್ನೇ ಉಂಟುಮಾಡೀತು. ಪುಸ್ತಕದ ಕಡೆಯ ಭಾಗವಂತೂ ಸಾಲದ ಕಥೆ. ಎಣ್ಣೆಯಿದ್ದರೆ ಉಪ್ಪಿಲ್ಲದ ಮನೆ, ಬಾಗಿಲಿಗೆ ಬಂದು ಮಾನ ಕಳೆಯುವ ಸಾಲಿಗರ ಮನುಷ್ಯರು, ಚಿಂತೆಯಿಂದ ಸವೆದು ಹಾಸಿಗೆ ಹಿಡಿಯುವ ತಾಯಿ. ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಎಷ್ಟೋ ಮನೆಗಳಲ್ಲಿ ಇಂಥ ತಾಯಂದಿರು ಇದ್ದರು. ಅವರ ಮಕ್ಕಳೇ ಅಲ್ಲವೇ ಹೊಟ್ಟೆಪಾಡಿಗೆ ಮುಂಬಯಿ, ಪುಣೆಗಳ ದಾರಿ ಹಿಡಿದದ್ದು?

ಈಗ ಒಂದು ರಾತ್ರಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮಹಾರ ಜಾತಿಯ ಮುದುಕಿಯೊಬ್ಬಳು ಸೌದೆಯ ಹೊರೆ ಹೊತ್ತು ಬರುತ್ತಾಳೆ. ಹೊರೆ ಕೆಳಗೆ ಬಿದ್ದಿದೆ, ಎತ್ತಿ ತಲೆಯ ಮೇಲಿಡುವವರಿಲ್ಲ, ಮುಟ್ಟಿದರೆ ಮೈಲಿಗೆ. ಶ್ಯಾಮನ ತಾಯಿ ಮಗನನ್ನು ಕರೆದು, ಹೋಗಿ ಹೊರೆ ಎತ್ತಿಕೊಡು, ಬಂದು ಸ್ನಾನ ಮಾಡು ಎನ್ನುತ್ತಾಳೆ. ಹುಡುಗ ಹಾಗೆಯೇ ಮಾಡುತ್ತಾನೆ. ಆ ಕಾಲದ ಕೊಂಕಣದ ಅಗ್ರಹಾರದ ಹೆಂಗಸಿಗೆ ಇಷ್ಟು ಹೇಳುವುದಕ್ಕೂ ಎದೆ ಬೇಕಾಗಿತ್ತೆಂಬುದು ನಿಜ. ಆದರೆ ‘ಬಂದು ಸ್ನಾನ ಮಾಡು’ ಎಂಬ ಮಾತೂ ಅಲ್ಲಿಯೇ ಇದೆ. ತಾಯಿಯನ್ನು ದೇವರೆಂದು ಪೂಜಿಸಿದ ಮಗ ಬೇಕಾಗಿದ್ದರೆ ಆ ಮಾತನ್ನು ಬಿಟ್ಟುಬಿಡಬಹುದಾಗಿತ್ತು. ಬಿಡಲಿಲ್ಲ. ತಾಯಿ ಎಲ್ಲಿಯವರೆಗೆ ನಡೆದಳೋ ಅಲ್ಲಿಯವರೆಗೇ ಬರೆದ. ಈ ಪ್ರಾಮಾಣಿಕತೆಗೆ ನಾವು ಬಹಳ ಬೆಲೆ ಕೊಡುತ್ತೇವೆ. ಮುಂದಿನ ಹೆಜ್ಜೆಯನ್ನು ಅವರು ಪುಸ್ತಕದಲ್ಲಿ ಇಡಲಿಲ್ಲ, ಪಂಢರಪುರದಲ್ಲಿ ಇಟ್ಟರು.

ಪಂಢರಪುರವನ್ನು ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಅನೇಕ ದಾಸರ ಅಂಕಿತಗಳಲ್ಲಿ ವಿಠಲನಿದ್ದಾನೆ. ಜ್ಞಾನದೇವರೇ ಅವನನ್ನು ‘ಕಾನಡಾ’ ಎಂದು ಕರೆದಿದ್ದಾರೆ. ಇಂದಿಗೂ ಬಿಜಾಪುರ, ಬೆಳಗಾವಿ ಕಡೆಯಿಂದ ಆಷಾಢದಲ್ಲಿ ದಿಂಡಿ ನಡೆದುಹೋಗುತ್ತದೆ. ಆದರೆ ಮಹಾರ ಜಾತಿಯ ಸಂತ ಚೋಖಾಮೇಳನ ಸಮಾಧಿ ಆ ದೇವಾಲಯದ ಮಹಾದ್ವಾರದ ಹೊರಗೇ ಇದೆ. ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಚೋಖಾಮೇಳನ ತರುವಾಯ ಆರು ಶತಮಾನ ಕಳೆದರೂ ಅವನ ಜನಕ್ಕೆ ಒಳಗೆ ಹೋಗಲು ಬಿಡುತ್ತಿರಲಿಲ್ಲ. 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ಡಾಕ್ಟರ್ ಅಂಬೇಡ್ಕರರ ನೇತೃತ್ವದಲ್ಲಿ ದಲಿತರೇ ಸತ್ಯಾಗ್ರಹ ಹೂಡಿದ್ದರು, ಬಾಗಿಲು ತೆರೆದಿರಲಿಲ್ಲ. ಸಾನೆ ಗುರೂಜಿ ಈ ಹೋರಾಟದಲ್ಲಿ ಮೊದಲಿಗರಲ್ಲ, ಹಾಗೆಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾದೀತು. ಅವರು ಮಾಡಿದ್ದು ಒಳಗಿದ್ದವರ ಮನಸ್ಸಿನ ಬಾಗಿಲನ್ನು ತಟ್ಟುವ ಕೆಲಸ. ರಾಷ್ಟ್ರ ಸೇವಾ ದಳದ ಕಲಾವಿದ ತರುಣರನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಊರೂರು ತಿರುಗಿದರು, ಹಾಡಿದರು, ಬೇಡಿಕೊಂಡರು. ಕಡೆಗೆ 1947ರ ಮೇ 1ರಂದು ಪಂಢರಪುರದ ತನಪುರೆ ಮಹಾರಾಜರ ಮಠದಲ್ಲಿ ಉಪವಾಸಕ್ಕೆ ಕುಳಿತರು.

ಸ್ವಾತಂತ್ರ್ಯ ಬಾಗಿಲಲ್ಲಿ ನಿಂತಿರುವಾಗ ಇದೇನು ಎಂದವರುಂಟು. ಸನಾತನಿಗಳ ವಿರೋಧವಂತೂ ಇದ್ದೇ ಇತ್ತು. ಗಾಂಧೀಜಿಯವರೇ ಉಪವಾಸ ಬಿಡಬೇಕೆಂದು ತಿಳಿಸಿದರು. ಯಾರ ಮಾತಿಗಾಗಿ ಮನೆಮಾರು ಬಿಟ್ಟರೋ ಅವರ ಮಾತನ್ನೇ ಈ ಮೆತ್ತನೆಯ ಮನುಷ್ಯ ಒಪ್ಪಲಿಲ್ಲ. ಸದಾ ಕಣ್ಣೀರು ಸುರಿಸುವವರೆಂದು ಗುರೂಜಿಯನ್ನು ಗೇಲಿ ಮಾಡುವ ವಿಮರ್ಶಕರು ಈ ಸಂಗತಿಯನ್ನು ನೋಡಬೇಕೆಂದು ನಾವು ವಿನಯದಿಂದ ಹೇಳುತ್ತೇವೆ. ಮಾವಳಂಕರರು ಮಧ್ಯೆ ಬಂದು ಮಾತುಕತೆ ನಡೆಸಿದರು, ದೇವಾಲಯದವರು ಒಪ್ಪಿದರು, ಮೇ 10ರಂದು ಉಪವಾಸ ಮುಗಿಯಿತು. ಹುಟ್ಟಿನಿಂದ ಪಾಂಡುರಂಗನ ಹೆಸರು ಹೊತ್ತವರು ಪಾಂಡುರಂಗನ ಬಾಗಿಲಲ್ಲಿ ಹತ್ತು ದಿನ ಹಸಿದು ಕುಳಿತಿದ್ದರು. ಸ್ನಾನದ ಮಾತು ಅಲ್ಲಿಗೆ ಮುಗಿದಿತ್ತು.

ಅವರ ಮಿಕ್ಕ ಬರಹಗಳ ವಿಷಯ ಬೇಗ ಹೇಳುತ್ತೇವೆ. ಅಚ್ಚಾದ ಪುಸ್ತಕಗಳು ಎಪ್ಪತ್ತಕ್ಕೂ ಹೆಚ್ಚು. ‘ಧಡಪಡಣಾರೀ ಮುಲೆ’, ‘ಆಸ್ತಿಕ’, ‘ಕ್ರಾಂತಿ’ ಮುಂತಾದ ಕಾದಂಬರಿಗಳಿವೆ. ನಿಜ ಹೇಳಬೇಕೆಂದರೆ ಇವುಗಳಲ್ಲಿ ಕಥೆಯ ಕಟ್ಟು ಸಡಿಲ, ಉಪದೇಶ ಹೆಚ್ಚು. ಒಳ್ಳೆಯವರು ತೀರ ಒಳ್ಳೆಯವರು. ಇಂದಿನ ಓದುಗರಿಗೆ ಹಿಡಿಸುವುದು ಕಷ್ಟ. ಮಕ್ಕಳಿಗಾಗಿ ಬರೆದ ‘ಗೋಡ ಗೋಷ್ಟೀ’ಗಳು ಹೆಚ್ಚು ಬಾಳಿಕೆಯವು, ಹೊರದೇಶದ ಕಥೆಗಳನ್ನು ಹಳ್ಳಿಯ ಹುಡುಗನಿಗೂ ತಿಳಿಯುವ ಮರಾಠಿಯಲ್ಲಿ ಹೇಳಿದ್ದಾರೆ. ವಿಕ್ಟರ್ ಹ್ಯೂಗೋನ ಮಹಾಕಾದಂಬರಿ ಅವರ ಕೈಯಲ್ಲಿ ‘ದುಃಖೀ’ ಆಯಿತು. ‘ಭಾರತೀಯ ಸಂಸ್ಕೃತಿ’ ಎಂಬ ಗ್ರಂಥ ದೊಡ್ಡವರಿಗೆ. ಆಚಾರ್ಯ ಅತ್ರೆಯವರು 1953ರಲ್ಲಿ ‘ಶ್ಯಾಮಚೀ ಆಯೀ’ಯನ್ನು ಚಿತ್ರವಾಗಿ ತೆಗೆದರು, 1954ರಲ್ಲಿ ನಡೆದ ಮೊದಲನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದದ್ದು ಆ ಚಿತ್ರವೇ. 2023ರಲ್ಲಿ ಅದೇ ಕಥೆ ಮತ್ತೆ ಚಿತ್ರವಾಗಿ ಬಂದಿತು.

ಇನ್ನು ತಿರುಚಿನಾಪಳ್ಳಿ ಜೈಲಿನ ಮಾತು. ಅಲ್ಲಿ ಹುಟ್ಟಿದ ಯೋಚನೆಗೆ ಗುರೂಜಿ ‘ಆಂತರ ಭಾರತೀ’ ಎಂದು ಹೆಸರಿಟ್ಟರು. 1949ರಲ್ಲಿ ಪುಣೆಯಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಅದನ್ನು ಎಲ್ಲರ ಮುಂದಿಟ್ಟರು. ರವೀಂದ್ರರ ಶಾಂತಿನಿಕೇತನದಂಥ ಒಂದು ಸ್ಥಳ ಬೇಕು. ಅಲ್ಲಿ ಎಲ್ಲ ಪ್ರಾಂತಗಳ ಜನ ಒಟ್ಟಿಗಿದ್ದು ಒಬ್ಬರ ಭಾಷೆ ಒಬ್ಬರು ಕಲಿಯಬೇಕು, ಒಬ್ಬರ ಹಾಡು ಒಬ್ಬರು ಹಾಡಬೇಕು. ಕೆಲವೇ ವರ್ಷಗಳಲ್ಲಿ, 1956ರಲ್ಲಿ, ಭಾಷಾವಾರು ಪ್ರಾಂತಗಳಾದವು. ಗಡಿಯ ಜಗಳ ಅಂದಿನಿಂದ ಇಂದಿನವರೆಗೂ ಆಗಾಗ ಹೊಗೆಯಾಡುತ್ತಲೇ ಇದೆ. ಅದು ಹೊತ್ತಿಕೊಂಡಾಗಲೆಲ್ಲ ಬಸ್ಸಿನ ಫಲಕಕ್ಕೆ ಮಸಿ ಬಳಿಯುತ್ತಾರೆ, ಈಚೆಯಲ್ಲಿ ಕನ್ನಡಿಗ, ಆಚೆಯಲ್ಲಿ ಮರಾಠಿಗ ಮಾತು ತಗ್ಗಿಸಿ ನಡೆಯಬೇಕಾಗುತ್ತದೆ. ಇಲ್ಲಿ ಕುಳಿತಿರುವ ನಮ್ಮಲ್ಲಿ ಇದರ ಅನುಭವವಿಲ್ಲದವರು ಕಡಿಮೆ. ಗುರೂಜಿಯ ಯೋಜನೆ ಅವರು ಕಂಡ ಅಳತೆಯಲ್ಲಿ ಅವರ ಜೀವಿತಕಾಲದಲ್ಲಿ ಆಗಲಿಲ್ಲ. ಆದರೆ ಪರಭಾಷೆಯ ನಾಡಿನಲ್ಲಿರುವ ಒಂದು ಕನ್ನಡ ವಾಚನಾಲಯದ ಕಪಾಟಿನಲ್ಲಿ ಮರಾಠಿ ಪುಸ್ತಕಗಳಿಗೂ ಒಂದು ಸಾಲು ಇರಬೇಕೆಂಬುದು ನಮ್ಮ ಅಭಿಪ್ರಾಯ. ಇದರಿಂದ ಕನ್ನಡಕ್ಕೆ ಜಾಗ ಕಡಿಮೆಯಾಗುತ್ತದೆಂದು ಆಕ್ಷೇಪಿಸುವ ಮಿತ್ರರಿದ್ದಾರೆ. ಅವರು ಮುಂದಿನ ಕೂಟದಲ್ಲಿ ತಮ್ಮ ವಾದ ಮಂಡಿಸಲಿ, ನಾವು ಕೇಳಲು ಸಿದ್ಧ.

ಗುರೂಜಿಯ ಕೊನೆ ದುಃಖದ್ದು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾದಾಗ, ಕೊಂದವನು ತಮ್ಮ ನಾಡಿನವನೆಂಬ ನೋವಿಗೆ 21 ದಿನ ಉಪವಾಸ ಮಾಡಿದರು. ಅದೇ ವರ್ಷ ಆಗಸ್ಟ್ 15ರಂದು ‘ಸಾಧನಾ’ ವಾರಪತ್ರಿಕೆ ಆರಂಭಿಸಿದರು. ಅದು ಇಂದಿಗೂ ಪುಣೆಯಿಂದ ಹೊರಡುತ್ತಿದೆ. ಅದರಲ್ಲಿ ಸೋದರನ ಮಗಳು ಸುಧಾಳಿಗೆಂದು ಹೂವು, ಹಕ್ಕಿ, ಪುಸ್ತಕ, ದೇಶ, ಲೋಕ ಎಲ್ಲವನ್ನೂ ಕುರಿತು ಪತ್ರಗಳನ್ನು ಬರೆಯುತ್ತಿದ್ದರು. ‘ಸುಂದರ ಪತ್ರೆ’ ಎಂದು ಅವು ಪುಸ್ತಕವಾಗಿವೆ. ಹೊರಗಿನಿಂದ ನೋಡುವವರಿಗೆ ಆ ಪತ್ರಗಳ ಕೈ ಬಳಲಿದಂತೆ ಕಾಣುವುದಿಲ್ಲ. 1950ರ ಜೂನ್ 11ರಂದು ಮುಂಬಯಿಯಲ್ಲಿ ನಿದ್ರೆಯ ಗುಳಿಗೆಗಳಿಂದ ತಾವೇ ತಮ್ಮ ಜೀವನವನ್ನು ಮುಗಿಸಿಕೊಂಡರು. ವಯಸ್ಸು ಐವತ್ತು. ಮಕ್ಕಳಿಗೆ ಅವರ ಕಥೆ ಹೇಳುವಾಗ ಈ ಸಂಗತಿಯನ್ನು ಮರೆಮಾಚುವ ವಾಡಿಕೆಯುಂಟು. ಅದು ಸರಿಯಲ್ಲವೆಂದು ನಮಗೆ ತೋರುತ್ತದೆ. ಎಲ್ಲರ ಕಣ್ಣೊರೆಸುತ್ತಿದ್ದವರ ಬಳಿ ಆ ಹೊತ್ತಿಗೆ ಕುಳಿತು ಕೇಳುವವರು ಯಾರಾದರೂ ಇರಬೇಕಾಗಿತ್ತೆಂದು ಹೇಳಿದರೆ ಹುಡುಗರಿಗೂ ತಿಳಿಯುತ್ತದೆ.

ಈ ವಾರ ‘ಶ್ಯಾಮಚೀ ಆಯೀ’ ಮತ್ತು ‘ಸುಂದರ ಪತ್ರೆ’ ನಮ್ಮ ಮೇಜಿನ ಮೇಲಿರುತ್ತವೆ. ದೇವನಾಗರಿ ಲಿಪಿ ಬಲ್ಲವರಿಗೆ ಮೊದಲನೆಯದರ ಮರಾಠಿ ಕಷ್ಟವಾಗದು. ಮನೆಯಲ್ಲಿ ಆಡುವ ಸರಳ ಮಾತು. ತೊಡಕು ಬಂದಲ್ಲಿ ಮಕ್ಕಳನ್ನು ಕೇಳಬಹುದು. ದಿನಕ್ಕೆ ಒಂದು ರಾತ್ರಿಯಂತೆ ಓದಿದರೆ ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಮನೆಗೆ ಒಯ್ಯುವವರು ದಯವಿಟ್ಟು ಪುಸ್ತಕದಲ್ಲಿ ಹೆಸರು ಬರೆಯಿಸಿ ಒಯ್ಯಬೇಕು.