ಪೀಠಿಕೆ ಇಲ್ಲದ ಪ್ರಬಂಧ



ಪ್ರಾಥಮಿಕ ಶಾಲೆಯ ಮಕ್ಕಳಿಂದ ಪ್ರಬಂಧ ಬರೆಯಿಸುವ ವಿಷಯವಾಗಿ ಮಾತನಾಡಹೊರಟಾಗ ನನಗೆ ಮೊದಲು ನೆನಪಾಗುವುದು ನಾನೇ ಮಾಡಿದ ಒಂದು ತಪ್ಪು.

ಆಗ ನಾನು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಭಾಗದಲ್ಲಿ, ತುಂಗಭದ್ರೆಯ ದಂಡೆಗೆ ಸಮೀಪದ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಬರೆದು, 'ನಾನು ಕಂಡ ಜಾತ್ರೆ' ಎಂಬ ವಿಷಯ ಕೊಟ್ಟೆ. ಮಕ್ಕಳು 'ಜಾತ್ರೆ ಎಂದರೆ ಜನರು ಸೇರುವ ಸ್ಥಳ' ಎಂದು ಆರಂಭಿಸಿ, 'ಆದ್ದರಿಂದ ನಾವೆಲ್ಲರೂ ಜಾತ್ರೆಗೆ ಹೋಗಬೇಕು' ಎಂದು ಮುಗಿಸಿದ್ದರು. ಒಬ್ಬ ಹುಡುಗ ಮಾತ್ರ ಹಾಗೆ ಬರೆದಿರಲಿಲ್ಲ.

ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ನಡೆಯುವುದನ್ನು ತಾವು ಬಲ್ಲಿರಿ. ಗೊರವಯ್ಯ ಬಿಲ್ಲನ್ನೇರುತ್ತಾನೆ, ಕಿಕ್ಕಿರಿದ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ವರ್ಷದ ಭವಿಷ್ಯ ಒಂದೇ ನುಡಿಯಲ್ಲಿ ಹೊರಬೀಳುತ್ತದೆ. ಈ ಹುಡುಗ ಅಪ್ಪನ ಹೆಗಲ ಮೇಲಿದ್ದ. ಎಲ್ಲರೂ ಸುಮ್ಮನಾದಾಗ ಅಪ್ಪನ ಎದೆ ಬಡಿದುಕೊಳ್ಳುವುದು ತನ್ನ ಕಾಲಿಗೆ ತಿಳಿಯಿತು ಎಂದು ಪ್ರಬಂಧ ಆರಂಭಿಸಿದ್ದ. ನುಡಿ ಅವನಿಗೆ ಕೇಳಿಸಲಿಲ್ಲ, ಅಪ್ಪನಿಗೂ ಕೇಳಿಸಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದ. ನಾನು ಕೆಂಪು ಶಾಯಿಯಲ್ಲಿ 'ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ' ಎಂದು ಬರೆದು ಅಂಕ ಕಡಿಮೆ ಮಾಡಿದೆ. ಮುಂದಿನ ವಾರ ಅವನೂ 'ಹಸು ಒಂದು ಸಾಕುಪ್ರಾಣಿ' ಎಂದು ಬರೆದ.

ನಮ್ಮ ತಾಲ್ಲೂಕು 1953ರಲ್ಲಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು; 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಈ ಹಸು ಮಾತ್ರ ಕಟ್ಟಿದ ಗೂಟ ಬಿಟ್ಟು ಕದಲಿಲ್ಲ.

ನನ್ನ ಕಣ್ಣು ತೆರೆಯಿಸಿದ್ದು ದೂರದ ಇಟಲಿಯ ಬಾರ್ಬಿಯಾನ ಎಂಬ ಗುಡ್ಡಗಾಡಿನ ಊರು. ಅಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿಗಳು ಬಡ ರೈತರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1967ರಲ್ಲಿ ಅವರ ಎಂಟು ಮಂದಿ ವಿದ್ಯಾರ್ಥಿಗಳು ಸೇರಿ ಶಿಕ್ಷಕಿಯೊಬ್ಬರಿಗೆ ಬರೆದ ಪತ್ರದ ರೂಪದಲ್ಲಿ ಒಂದು ಪುಸ್ತಕ ರಚಿಸಿದರು. ಬರೆದ ಬಗೆಯನ್ನೂ ಅದರಲ್ಲಿಯೇ ತಿಳಿಸಿದ್ದಾರೆ. ಹೊಳೆದ ಒಂದೊಂದು ವಿಚಾರವನ್ನೂ ಒಂದೊಂದು ಚೀಟಿಯಲ್ಲಿ ಗುರುತುಹಾಕುವುದು, ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡುವುದು, ಎರಡೆರಡಾದದ್ದನ್ನು ತೆಗೆಯುವುದು, ಸಂಬಂಧವುಳ್ಳವನ್ನು ಗುಂಪುಮಾಡುವುದು. ದೊಡ್ಡ ಗುಂಪು ಅಧ್ಯಾಯ, ಚಿಕ್ಕ ಗುಂಪು ಪರಿಚ್ಛೇದ. ನಮ್ಮ ಕಣದಲ್ಲಿ ನಡೆಯುವುದೂ ಇದೇ ಕೆಲಸವಲ್ಲವೆ? ಮೊದಲು ತೆನೆ ಬರಬೇಕು, ಆಮೇಲೆ ತೂರುವುದು, ಆಮೇಲೆ ರಾಶಿ. ನಾನು ಬಿತ್ತುವ ಮೊದಲೇ ಚೀಲ ಹೊಲಿದಿದ್ದೆ.

ಒಂದು ಮಳೆಗಾಲ, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಮಕ್ಕಳಿಗೆ ಹಂಚಿದೆ. 'ಹೊಳೆ ಬಂದ ದಿನ' ಎಂಬುದು ವಿಷಯ. ಒಂದು ಚೀಟಿಗೆ ಒಂದೇ ಸಂಗತಿ. 'ಹೊಳೆ ತುಂಬಿತ್ತು' ಎಂಬ ಚೀಟಿಗಳು ಹನ್ನೊಂದು, ಒಂದನ್ನು ಉಳಿಸಿಕೊಂಡೆವು. 'ಅವ್ವ ಮೆಣಸಿನಕಾಯಿ ಚೀಲ ಅಟ್ಟಕ್ಕೇರಿಸಿದಳು', 'ನಮ್ಮ ಎಮ್ಮೆ ನೀರಿಗಿಳಿಯಲಿಲ್ಲ' ಎಂಬಂಥವು ಹಲವು. ಎಮ್ಮೆಯ ಚೀಟಿ ಎಲ್ಲಿರಬೇಕೆಂಬುದಕ್ಕೆ ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಒಬ್ಬಳು, "ಹೊಳೆ ಬರೋದು ಮೊದಲು ಗೊತ್ತಾಗಿದ್ದು ಎಮ್ಮೆಗೇ, ಮೊದಲು ಅದೇ ಇರಲಿ" ಎಂದಳು. ಪೀಠಿಕೆ ಸಿಕ್ಕಿತು, ಆ ಶಬ್ದವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. 'ನಮ್ಮಣ್ಣ ಬೆಂಗಳೂರಿನಲ್ಲಿದ್ದಾನೆ' ಎಂಬ ಚೀಟಿ ಯಾವ ಗುಂಪಿಗೂ ಸೇರಲಿಲ್ಲ. ಬಿಸಾಡೋಣವೆಂದರು. ಅದನ್ನು ಬರೆದವನು, ಆ ರಾತ್ರಿ ಅವ್ವ ಅವನನ್ನೇ ನೆನೆದು ಅತ್ತಳು ಎಂದ. ಚೀಟಿಗೆ ಜಾಗವಾಯಿತು.

ಮಕ್ಕಳಿಗೆ ತೋಚಿದಂತೆ ಬರೆಯಲಿ, ಕಟ್ಟುನಿಟ್ಟೇಕೆ ಎನ್ನುವವರೂ ಉಂಟು. ನಾನು ಒಪ್ಪಲಾರೆ. ಬೆಳೆ ಹಾಳಾದ ರೈತ ತಹಸೀಲ್ದಾರರಿಗೆ ಅರ್ಜಿ ಬರೆಯುವಾಗ ಯಾವುದು ಮೊದಲು, ಯಾವುದು ಅನಂತರ ಎಂಬುದು ತಿಳಿಯದೆ ಕಚೇರಿಯ ಮುಂದೆ ಕುಳಿತ ಬರಹಗಾರನಿಗೆ ದುಡ್ಡು ತೆರುತ್ತಾನೆ. ಕ್ರಮ ಬೇಕು. ಆದರೆ ಅದು ಮಗುವಿನ ಚೀಟಿಗಳೊಳಗಿಂದಲೇ ಹುಟ್ಟಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ; ಒಂದು ಪ್ರಬಂಧಕ್ಕೆ ನಮಗೆ ನಾಲ್ಕು ದಿನ ಬೇಕಾದವು.

ಆ ಹೊತ್ತಿಗೆ ಜಾತ್ರೆಯ ಹುಡುಗ ಹೈಸ್ಕೂಲು ಸೇರಿದ್ದ. ದಾರಿಯಲ್ಲಿ ಸಿಕ್ಕಾಗ ಆ ಹಾಳೆ ಇದೆಯೇ ಎಂದು ಕೇಳಿದೆ. "ಅವತ್ತೇ ಹರಿದು ಹಾಕಿದೆ, ಸಾರ್" ಎಂದ. ಬಾಯಲ್ಲಾದರೂ ಹೇಳಪ್ಪಾ ಎಂದೆ. ಕೈಕಟ್ಟಿ ನಿಂತು, ತಡವರಿಸದೆ ಆರಂಭಿಸಿದ: "ಜಾತ್ರೆ ಎಂದರೆ ಜನರು ಸೇರುವ ಸ್ಥಳ."